ಕೊಪ್ಪರಿಗೆ ಬೋರಲು ಹಾಕುವ ಮುನ್ನ

ಪ್ರವಚನದ ಕಥೆ ಎಂದರೆ ಅದರಲ್ಲಿ ಒಬ್ಬ ಶ್ರೀಮಂತ ಇರಲೇಬೇಕು. ಪಾಪ, ಶ್ರಾವಣ ಬಂತೆಂದರೆ ಅವನಿಗೆ ಬಿಡುವೇ ಇಲ್ಲ. ಒಂದು ಮಠದಲ್ಲಿ ಅವನ ಗರ್ವ ಇಳಿಯಬೇಕು, ಇನ್ನೊಂದು ಮಠದಲ್ಲಿ ಅವನ ಕಣ್ಣು ತೆರೆಯಬೇಕು, ಮೂರನೆಯದರಲ್ಲಿ ಅವನು ಸತ್ತೇ ಹೋಗಬೇಕು. ಇವತ್ತು ನಮ್ಮ ಕಥೆಗೂ ಅವನೇ ಬರುತ್ತಾನೆ. ಆದರೆ ನಮ್ಮವನು ಬರೀ ಶ್ರೀಮಂತನಲ್ಲ, ಶಾಸಕ ಕೂಡ. ನೋಡಿ, ಶಾಸಕ ಎಂದ ಕೂಡಲೇ ಹಿಂದಿನ ಸಾಲಿನವರು ಹೇಗೆ ನೆಟ್ಟಗೆ ಕುಳಿತಿರಿ! ಯಾವ ಪಕ್ಷ ಅಂತ ತಾನೇ ನಿಮ್ಮ ಪ್ರಶ್ನೆ? ಹೇಳುವುದಿಲ್ಲ. ಊರೂ ಹೇಳುವುದಿಲ್ಲ, ಹೆಸರೂ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಕಥೆ ಮುಗಿಯುವ ಮೊದಲೇ ಅವನಿಗೆ ಹಾರ ಹಾಕುತ್ತೀರಿ, ಇನ್ನರ್ಧ ಜನ ಎದ್ದು ಹೋಗುತ್ತೀರಿ. ಪ್ರಸಾದ ಆಗುವ ತನಕ ಯಾರೂ ಏಳುವುದಿಲ್ಲ ಎಂಬುದು ನನಗೆ ಗೊತ್ತು, ಆ ಮಾತು ಬೇರೆ.

ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರ ಕಥೆ ಹೇಳಿದರೆ ನಿಮಗೆ ಬಹಳ ಹಗುರ. ‘ನಾವು ಹಂಗಿಲ್ಲ ಬಿಡು’ ಅಂದುಕೊಂಡು ಊಟ ಮಾಡಿ ಮನೆಗೆ ಹೋಗುತ್ತೀರಿ. ಇವನು ನಿಮ್ಮ ಹಾಗೆ, ನನ್ನ ಹಾಗೆ, ಒಳ್ಳೆಯವನೇ. ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿ ಇತ್ತು, ಪೇಟೆಯಲ್ಲಿ ಸಾಲು ಮಳಿಗೆಗಳಿದ್ದವು. ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ಹಳೆಯ ದಿನಗಳ ನೆನಪಿತ್ತು. ಇವತ್ತಿನ ನಮ್ಮ ವಿಷಯವೇ ಉಪಕಾರ ಸ್ಮರಣೆ. ನೆನಪಿಟ್ಟುಕೊಳ್ಳುವುದೇ ಉಪಕಾರ ಸ್ಮರಣೆಯಾಗಿದ್ದರೆ ಅವನಿಗೆ ನೂರಕ್ಕೆ ನೂರು ಅಂಕ ಕೊಟ್ಟು ಈಗಲೇ ಮಂಗಳ ಹಾಡಬಹುದಿತ್ತು.

ಏನು ನೆನಪಿತ್ತು? ಕೇಳಿ. ಅವನು ಚಿಕ್ಕವನಿದ್ದಾಗ ತಂದೆ ಇರಲಿಲ್ಲ. ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಮಗನಿಗೆ ಕೆಮ್ಮು ಹತ್ತಿತು. ಆ ಕೆಮ್ಮಿಗೆ ಆಗ ಕ್ಷಯ ಎನ್ನುತ್ತಿದ್ದರು, ಈಗ ಟಿಬಿ ಎನ್ನುತ್ತೇವೆ. ಹೆಸರು ಬದಲಾದರೂ ಅದು ಹುಡುಕಿಕೊಂಡು ಹೋಗುವ ಮನೆ ಬದಲಾಗಿಲ್ಲ. ಸರ್ಕಾರಿ ದವಾಖಾನೆಯಲ್ಲಿ ದಿನಾ ಒಂದು ಸೂಜಿ, ಪುಕ್ಕಟೆ. ಆದರೆ ಡಾಕ್ಟರು ತಾಯಿಯನ್ನು ಕರೆದು, “ಯವ್ವಾ, ಬರೇ ಸೂಜಿಯಿಂದ ಹುಡುಗ ಉಳಿಯಂಗಿಲ್ಲ, ಹೊಟ್ಟಿಗೂ ಹಾಕಬೇಕು” ಎಂದರು. ಹೊಟ್ಟೆಗೆ ಹಾಕಲು ಅವಳ ಹತ್ತಿರ ಏನಿತ್ತು? ಏನೂ ಇರಲಿಲ್ಲ. ಊರಲ್ಲಿ ಒಂದು ಮಠ ಇತ್ತು, ಮಠದಲ್ಲಿ ದಾಸೋಹ ಇತ್ತು. ದಿನಾ ಸೂಜಿ ಮಾಡಿಸಿಕೊಂಡು, ಮಗನನ್ನು ಬಗಲಿಗೆ ಎತ್ತಿಕೊಂಡು ಅವಳು ಅಲ್ಲಿಗೆ ಬರುತ್ತಿದ್ದಳು. ಹುಡುಗ ಉಳಿದ, ಬೆಳೆದ, ಫ್ಯಾಕ್ಟರಿ ಕಟ್ಟಿದ, ಶಾಸಕನೂ ಆದ.

ಆ ಮಠದಲ್ಲಿ ಒಂದು ಪದ್ಧತಿ. ಕೊನೆಯ ಪಂಕ್ತಿ ಎದ್ದ ಮೇಲೆ, ಅನ್ನದ ದೊಡ್ಡ ಕೊಪ್ಪರಿಗೆಯನ್ನು ತೊಳೆದು ಬೋರಲು ಹಾಕುವ ಮೊದಲು, ಅಡುಗೆಯವರು ಸೌಟು ಹಿಡಿದುಕೊಂಡು ದೊಡ್ಡ ಬಾಗಿಲಿಗೆ ಬರಬೇಕು. ಬೀದಿಯ ಕಡೆ ಮುಖ ಮಾಡಿ ಕೂಗಬೇಕು: “ಉಣ್ಣವರು ಯಾರರ ಉಳದೀರೇನ್ರೀ?” ಕೂಗಿದ ಮೇಲೆಯೇ ಕೊಪ್ಪರಿಗೆ ಬೋರಲು. ಕೂಗದೆ ಬೋರಲು ಹಾಕಿದರೆ ಅವತ್ತಿನ ದಾಸೋಹ ಆಗಲೇ ಇಲ್ಲ ಎಂದು ಲೆಕ್ಕ. ಈ ಪದ್ಧತಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಆಮೇಲೆ ಹೇಳುತ್ತೇನೆ. ಯಾಕೆಂದರೆ ನಮ್ಮ ಶಾಸಕನಿಗೂ ಅದು ಆಮೇಲೆಯೇ ತಿಳಿದದ್ದು.

ಚುನಾವಣೆ ಬಂದಾಗಲೆಲ್ಲ ಅವನು ವೇದಿಕೆಯ ಮೇಲೆ ಈ ಕೂಗಿನ ಕಥೆ ಹೇಳುತ್ತಿದ್ದ. “ಈ ಮಠ ನನ್ನನ್ನ ಕೂಗಿ ಕರೆದು ಅನ್ನ ಹಾಕೇತಿ!” ಎಂದರೆ ಚಪ್ಪಾಳೆಯೋ ಚಪ್ಪಾಳೆ. ತಾಯಿ ತೀರಿಕೊಂಡ ಮೇಲೆ ಪ್ರತಿ ವರ್ಷ ಅವಳ ಪುಣ್ಯತಿಥಿಗೆ ಅದೇ ಮಠದಲ್ಲಿ ದಾಸೋಹ ಮಾಡಿಸುತ್ತಿದ್ದ. ತುಪ್ಪ ಸುರಿದ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಬೆಳಿಗ್ಗೆ ಬಂದು ಮೊದಲ ಸಾಲಿನ ನಾಲ್ಕು ಎಲೆಗೆ ತಾನೇ ಬಡಿಸುತ್ತಿದ್ದ. ಫೋಟೋದವನು ಎದುರಿಗೆ ಮಂಡಿಯೂರಿ ಕುಳಿತಿರುತ್ತಿದ್ದ. ಫೋಟೋ ಚೆನ್ನಾಗಿ ಬಂತೆಂದು ಖಾತ್ರಿಯಾದ ಮೇಲೆ ಶಾಸಕರಿಗೆ ಬೇರೆ ಊರಲ್ಲಿ ಕಾರ್ಯಕ್ರಮ. ನಗಬೇಡಿ, ನಿಮ್ಮ ಮೊಬೈಲಿನಲ್ಲಿ ನಿಮ್ಮವೂ ಎಷ್ಟು ಫೋಟೋ ಇವೆ ಎಂಬುದನ್ನು ನಾನು ಕೇಳುತ್ತಿಲ್ಲ.

ಹೀಗಿರಲಾಗಿ ಒಂದು ದಿನ ರಾಜಧಾನಿಯಿಂದ ಕರೆ ಬಂತು. ಕರೆದವರು ಹಣಕಾಸಿನ ಮಂತ್ರಿಗಳು, ಪಕ್ಷದಲ್ಲೂ ದೊಡ್ಡವರು. ಮನೆಯೊಳಗೆ ಕೂಡಿಸಿ ಕಾಫಿ ಕೊಟ್ಟರು.

“ನೋಡಿ, ಬೊಕ್ಕಸದ ಸ್ಥಿತಿ ನಿಮಗೆ ಗೊತ್ತೇ ಇದೆ. ಎಲ್ಲಾದರೂ ಕೈ ಬಿಗಿ ಹಿಡಿಯಲೇಬೇಕು. ಹಳ್ಳಿಯ ಸಣ್ಣ ಆರೋಗ್ಯ ಕೇಂದ್ರಗಳನ್ನ ಮುಚ್ಚಿ ದೊಡ್ಡ ಆಸ್ಪತ್ರೆಗೆ ಸೇರಿಸ್ತೀವಿ. ಟಿಬಿ ರೋಗಿಗಳಿಗೆ, ಬಸುರಿಯರಿಗೆ ಕೊಡೋ ಆಹಾರದ ಕಿಟ್ ನಿಲ್ಲಿಸ್ತೀವಿ. ರೇಷನ್ನಿನಲ್ಲೂ ಸ್ವಲ್ಪ ಕಡಿಮೆ ಮಾಡ್ತೀವಿ,” ಎಂದರು.

“ನಂದೇನ್ರಿ ಇದರಾಗ?” ಎಂದ ಶಾಸಕ.

“ನೀವೇನೂ ಮಾಡಬೇಕಾಗಿಲ್ಲ. ಸದನದಲ್ಲಿ ಎಲ್ಲರ ಜೊತೆ ಹೌದು ಅಂದರೆ ಸಾಕು. ಮುಂದಿನ ಸಂಪುಟ ವಿಸ್ತರಣೆಯಲ್ಲಿ ನಿಮ್ಮ ಹೆಸರಿದೆ. ನಾನೇ ಬರೆಸಿದ್ದೇನೆ.”

ಅವನಿಗೆ ಕಾಫಿ ಇನ್ನಷ್ಟು ಸಿಹಿಯಾಯಿತು. ಹಾಗಂತ ಮಂತ್ರಿಗಿರಿಯ ಆಸೆಗೆ ಮನಸ್ಸಾಕ್ಷಿ ಮಾರಿಕೊಂಡ ಎಂದು ತಿಳಿಯಬೇಡಿ. ಅವನು ಅದನ್ನು ಮನಸಾರೆ ಒಪ್ಪಿದ. “ಖರೇ ಐತ್ರಿ ನಿಮ್ಮ ಮಾತು,” ಎಂದ. “ಬಿಟ್ಟಿ ಕೊಟ್ಟು ಕೊಟ್ಟು ಜನರನ್ನ ಸೋಮಾರಿ ಮಾಡೇವಿ. ಖರೇನ ಹಸಿದವರು ಇದ್ರ ಹಾಕಾಕ ನಮ್ಮಂಥವರು ಇದ್ದೇವಲ್ರಿ.”

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮಂಥವರು ಇದ್ದೇವಲ್ಲ. ಎಷ್ಟು ಚೆಂದದ ಮಾತು! ಇದೇ ಮಾತನ್ನು ನಿಮ್ಮಲ್ಲಿ ಎಷ್ಟು ಜನ ಕಟ್ಟೆಯ ಮೇಲೆ ಕುಳಿತು ಆಡಿಲ್ಲ?

ಸದನ ಸೇರುವುದಕ್ಕೆ ಇನ್ನೊಂದು ವಾರ ಇರುವಾಗ ತಾಯಿಯ ಪುಣ್ಯತಿಥಿ ಬಂತು. ಎಂದಿನಂತೆ ಹುಗ್ಗಿ, ಎಂದಿನಂತೆ ಫೋಟೋ. ಮಂತ್ರಿಯಾಗುವ ಸುದ್ದಿ ಹೇಗೋ ಊರಿಗೆ ಮುಟ್ಟಿತ್ತು. ಕೈಕುಲುಕುವವರ ಗದ್ದಲದಲ್ಲಿ ಅವನು ಆ ಸಲ ಕೊನೆಯ ಪಂಕ್ತಿಯ ತನಕ ಅಲ್ಲಿಯೇ ಉಳಿಯಬೇಕಾಯಿತು. ಇನ್ನೇನು ಹೊರಡಬೇಕು, ಮಠದ ಸ್ವಾಮಿಗಳಾದ ಅಜ್ಜಾರು ಕರೆಸಿದರು. ಅಡುಗೆಯ ಮುದುಕಿ ಕಾಲು ಉಳುಕಿಸಿಕೊಂಡು ಒಲೆಯ ಹತ್ತಿರ ಕುಳಿತುಬಿಟ್ಟಿದ್ದಳು.

“ಆಕೀಗೆ ಬಾಗಲತನಕ ಬರಾಕ ಆಗವಲ್ದಪಾ,” ಎಂದರು ಅಜ್ಜಾರು. “ದಾಸೋಹ ನಿಂದು, ಈ ಸಲ ಕೂಗೂ ನಿಂದ ಆಗ್ಲಿ.”

ಅವನಿಗೆ ಒಳಗೊಳಗೆ ನಾಚಿಕೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಅನ್ನದ ಸೌಟು. ಹೊರಗೆ ಕಾರು ಚಾಲೂ ಆಗಿದೆ. ಬಾಗಿಲಿಗೆ ಬಂದ. ಮೈಕು ಸಿಕ್ಕರೆ ಊರು ನಡುಗಿಸುವ ಮನುಷ್ಯ, ಅಲ್ಲಿ ಶಾಲೆಯಲ್ಲಿ ಹಾಜರಿ ಹೇಳುವ ದನಿಯಲ್ಲಿ “ಉಣ್ಣವರು ಯಾರರ ಉಳದೀರೇನ್ರೀ” ಎಂದ. ಎಂದವನೇ ತಿರುಗಿದ. ತಿರುಗಿಕೊಂಡೇ ಒಳಗಿನವರಿಗೆ, “ಯಾರೂ ಇಲ್ರೀ, ಬೋರಲ ಹಾಕ್ರಿ” ಎಂದ. ಅವರು ಉಳಿದ ಅನ್ನ ತೆಗೆದು ದನಕ್ಕೆ ಹಾಕಿದರು, ಕೊಪ್ಪರಿಗೆಗೆ ನೀರು ಸುರಿದರು, ತಿಕ್ಕಿ ತೊಳೆದು ಬೋರಲು ಹಾಕಿದರು.

ಆಗ ಬಂದಳು ಅವಳು. ಅವಳ ಹೆಸರನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಅವಳಿಗೆ ಯಾವ ಪಕ್ಷವೂ ಇಲ್ಲ. ಫಕ್ಕೀರವ್ವ. ಮನೆಮನೆಗೆ ಹೋಗಿ ಹಳೆಯ ಸೀರೆ ಇಸಿದುಕೊಂಡು ಕೌದಿ ಹೊಲಿದುಕೊಡುವವಳು. ವಯಸ್ಸು ಹೆಚ್ಚಲ್ಲ. ಆದರೆ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತಾಗ ಮುದುಕಿಯ ಹಾಗೆ ಏದುಸಿರು ಬಿಡುತ್ತಿದ್ದಳು. ಸೆರಗನ್ನು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಮುಷ್ಟಿಯಲ್ಲಿ ಗುಳಿಗೆಗಳ ಹಾಳೆ ಇತ್ತು.

“ಕೂಗಿದ್ದು ಕೇಳಿಸ್ತ್ರಿ,” ಎಂದಳು. “ಬೇವಿನ ಗಿಡದ ಕಟ್ಟಿ ಮ್ಯಾಲೆ ದಮ್ಮ ಹತ್ತಿ ಕುಂತಿದ್ದೆ. ಬಂದೆ ಅಂತ ಅಂದೆ. ದನಿ ಮುಟ್ಟಲಿಲ್ಲ ಕಾಣ್ತದ.”

ಬೋರಲು ಬಿದ್ದ ಕೊಪ್ಪರಿಗೆ ಅವಳಿಗೂ ಕಂಡಿತು.

“ಇರ್ಲಿ ಬಿಡ್ರಿ,” ಎಂದಳು. “ನಾಳೆ ಲಗೂನ ಬರ್ತೀನಿ.”

“ಗುಳಿಗಿ?” ಎಂದ ಶಾಸಕ. ಯಾಕೆ ಕೇಳಿದೆ ಎಂದು ಅವನಿಗೇ ತಿಳಿಯಲಿಲ್ಲ. ಆ ಮುಷ್ಟಿಯನ್ನು ನೋಡಿದ ಕೂಡಲೇ ಅವನ ತೋಳಿನಲ್ಲಿ ಎಲ್ಲೋ ಹಳೆಯ ಸೂಜಿ ಚುಚ್ಚಿದ ಹಾಗಾಗಿತ್ತು.

“ಹಸದ ಹೊಟ್ಟ್ಯಾಗ ನುಂಗಿದ್ರ ಎಲ್ಲಾ ವಾಂತಿ ಆಗ್ತೈತ್ರಿ. ಇವತ್ತೊಂದಿನ ಬಿಡ್ತೀನಿ, ಏನ್ ಮಾಡೂದು. ಒಂದಿನಾನೂ ಬಿಡಬ್ಯಾಡ ಅಂತ ನರ್ಸಬಾಯಾರು ಬೈತಾರ. ಮೊದಲ ಹೆಸರಕಾಳು, ಶೇಂಗಾ, ಹಾಲಿನ ಪುಡಿ, ಎಲ್ಲಾ ಕಿಟ್ಟಿನ್ಯಾಗ ಬರ್ತಿದ್ವು. ಈ ತಿಂಗಳದ್ದು ಇನ್ನ ಮ್ಯಾಲಿಂದ ಬಂದಿಲ್ಲಂತ.” ಅಷ್ಟು ಹೇಳಿದವಳು ಅವನ ಮುಖವನ್ನು ಸರಿಯಾಗಿ ನೋಡಿದಳು. ಗೋಡೆಯ ಮೇಲಿನ ಚಿತ್ರಗಳಲ್ಲಿ ಕಂಡ ಮುಖ. ಗುಳಿಗೆ ಹಿಡಿದ ಕೈಯನ್ನೇ ಎತ್ತಿ ಮುಗಿದಳು. “ಯಪ್ಪಾ, ನೀವ ಅಲ್ರಿ ನಮ್ಮ ಶಾಸಕರು? ಆ ಕಿಟ್ ಕಳಸಾವ್ರು ನೀವ ಅಂತ ದವಾಖಾನಿ ಆಶಾ ಅಕ್ಕಾರು ಹೇಳ್ಯಾರ. ಅದನ್ನ ತಿಂದ ಇಷ್ಟರ ಜೀವ ಹಿಡದೇನ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ.”

ನೋಡಿ, ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೈಗುಳ ಶಾಸಕರಿಗೆ ಹೊಸದಲ್ಲ, ಅದು ಅವರ ಬೆಳಗಿನ ನಾಷ್ಟಾ. ಕೈ ಮುಗಿದಳಲ್ಲ, ಅದನ್ನು ತಡೆದುಕೊಳ್ಳುವುದು ಹೇಗೆ? ತಾನು ಮುಂದಿನ ವಾರ ‘ಹೌದು’ ಎಂದು ಹೇಳಿ ಕಿತ್ತುಕೊಳ್ಳಬೇಕಾದದ್ದಕ್ಕೆ ಅವಳು ಇವತ್ತು ಹರಸುತ್ತಿದ್ದಾಳೆ. ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಓಡಿದ. ನಿಜವಾಗಿಯೂ ಓಡಿದ, ಆ ಬಿಳಿ ಅಂಗಿಯಲ್ಲೇ. ಮನೆಯವರಿಗೆಂದು ಪ್ರಸಾದ ಕಟ್ಟಿಸಿ ಕಾರಿನಲ್ಲಿ ಇಟ್ಟಿದ್ದ ಬುತ್ತಿಯನ್ನು ತಂದ. ಫೋಟೋದವನು ಅಭ್ಯಾಸಬಲದಿಂದ ಹಿಂದೆಯೇ ಓಡಿ ಬಂದ. “ಏಯ್, ಕ್ಯಾಮೆರಾ ಒಳಗಿಡೋ!” ಎಂದು ಶಾಸಕ ಗದರಿದ. ಅಷ್ಟು ವರ್ಷದಲ್ಲಿ ಫೋಟೋ ಬೇಡ ಎಂದದ್ದು ಅದೇ ಮೊದಲು.

ಫಕ್ಕೀರವ್ವ ಯಾರ ಹತ್ತಿರವೂ ಕುಳಿತುಕೊಳ್ಳಲಿಲ್ಲ. ತನ್ನ ಕೆಮ್ಮು ಯಾರಿಗೂ ತಗಲಬಾರದೆಂದು ತಾನೇ ದೂರ, ಗಾಳಿ ಆಡುವ ಕಡೆ, ಕಂಬದ ಆಚೆ ಕುಳಿತಳು. ನಿಧಾನವಾಗಿ ಹುಗ್ಗಿ ಉಂಡಳು. ಗುಳಿಗೆ ನುಂಗಿ ನೀರು ಕುಡಿದಳು. ಆಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಒಳಗೆ ಹೋದದ್ದು ಒಳಗೇ ನಿಲ್ಲುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಳು. ಅವನೂ ಉಸಿರು ಹಿಡಿದು ಕಾಯ್ದ. ಕೊನೆಗೆ ಅವಳು ನಕ್ಕಳು.

“ನಿಂತ್ವು ನೋಡ್ರಿ,” ಎಂದಳು.

ಅವಳು ಹೋದ ಮೇಲೆ ಅವನು ಒಳಗೆ ಬಂದು ಅಡುಗೆಯ ಮುದುಕಿಯ ಮುಂದೆ ಕುಳಿತ. “ನಾ ಕೂಗಿದ್ನೆವ್ವಾ,” ಎಂದ, ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ.

“ಕೂಗಿದ್ದು ಕೇಳಿಸ್ತಪಾ,” ಎಂದಳು ಮುದುಕಿ. “ಕೂಗಿದ ಮ್ಯಾಲೆ ಕಾಯಬೇಕಲ್ಲ.”

ಇದೇ ನಾನು ಆಮೇಲೆ ಹೇಳುತ್ತೇನೆ ಎಂದಿದ್ದ ಮಾತು. ಕೂಗುವುದು ಅರ್ಧ ಪದ್ಧತಿ. ಕೂಗಿದ ಮೇಲೆ ಬಾಗಿಲಲ್ಲಿ ನಿಂತು ಕಾಯಬೇಕು. ಎಷ್ಟು ಹೊತ್ತು? ಅದಕ್ಕೆ ಗಡಿಯಾರವಿಲ್ಲ. ದಣಿದವರು ನಡೆದು ಬರುವಷ್ಟು ಹೊತ್ತು.

“ನಿಮ್ಮವ್ವ ನಿನ್ನ ಬಗಲಾಗ ಎತ್ಕೊಂಡು ದವಾಖಾನಿಯಿಂದ ಬರೂದ್ರಾಗ ದಿನಾ ತಡ ಆಗ್ತಿತ್ತು,” ಎಂದಳು ಮುದುಕಿ. “ಆಗ ನಮ್ಮತ್ತಿ ಇಲ್ಲಿ ಅಡಗಿ ಮಾಡ್ತಿದ್ಲು, ನಾ ಹೊಸದಾಗಿ ಮದುವಿ ಆಗಿ ಬಂದಿದ್ದೆ. ಬಾಂಡೆ ತಿಕ್ಕಾಕ ತಡ ಆಗ್ತೈತಿ ಅಂತ ನಾ ಗೊಣಗ್ತಿದ್ದೆ. ‘ಸುಮ್ನಿರ, ಕೂಸಿನ ತಾಯಿ ಹಾದ್ಯಾಗ ಇರಬೇಕು’ ಅಂತಿದ್ಲು ನಮ್ಮತ್ತಿ. ಬಾಗಲಾಗ ಸೌಟು ಹಿಡ್ಕೊಂಡು ನಿಂತ ಬಿಡ್ತಿದ್ಲು.”

ಅವನು ಅತ್ತ. ಚೆನ್ನಾಗಿ ಅತ್ತ. ವೇದಿಕೆಯ ಮೇಲೆ ಅದೆಷ್ಟು ಸಲ ಆ ಕಥೆ ಹೇಳಿದ್ದಾನೆ, ತನ್ನನ್ನು ಕೂಗಿದ್ದನ್ನು ಹೇಳಿದ್ದಾನೆ. ಯಾರೋ ತನಗಾಗಿ ಬಿಸಿಲಲ್ಲಿ ನಿಂತು ಕಾಯ್ದಿದ್ದರು ಎಂಬುದು ಅವನ ಕಥೆಯಲ್ಲಿ ಇರಲೇ ಇಲ್ಲ. ಉಂಡದ್ದು ನೆನಪಿತ್ತು, ಕಾಯ್ದವರು ನೆನಪಿರಲಿಲ್ಲ. ಅವ್ವ ಪ್ರತಿ ದಿನ ಆ ಬಾಗಿಲನ್ನು ದೂರದಿಂದ ನೋಡುತ್ತಾ, ಇನ್ನೂ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುತ್ತಾ ನಡೆದಿರಬೇಕು. ಅಲ್ಲವೇ? ಆ ನಡಿಗೆಯನ್ನು ನೆನೆದು ಅತ್ತ.

ತಾಯಂದಿರೇ, ನೀವು ಕಣ್ಣು ಒರೆಸಿಕೊಳ್ಳುತ್ತಿದ್ದೀರಿ. ಸ್ವಲ್ಪ ತಡೆಯಿರಿ. ಅತ್ತರೆ ಕಥೆ ಮುಗಿಯಿತು ಎಂದುಕೊಳ್ಳುವುದು ನಮ್ಮ ದೊಡ್ಡ ಕಾಯಿಲೆ. ಮಠದಲ್ಲಿ ಅಳುವುದು ಸುಲಭ, ಇಲ್ಲಿ ಎಲ್ಲರೂ ಅಳುತ್ತಾರೆ. ಸದನದಲ್ಲಿ ಏನು ಮಾಡಿದ ಎನ್ನುವುದು ಮುಖ್ಯ.

ಸದನ ಸೇರಿತು. ನಿಮ್ಮಲ್ಲಿ ಯಾರೂ ಅಲ್ಲಿಗೆ ಹೋಗಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಅಲ್ಲೂ ಒಂದು ಕೂಗು ಇದೆ. ಸಭಾಧ್ಯಕ್ಷರು ಪ್ರಸ್ತಾವವನ್ನು ಮತಕ್ಕೆ ಹಾಕುತ್ತಾರೆ. ಪರವಾಗಿರುವವರು ‘ಹೌದು’ ಎನ್ನಿ ಎನ್ನುತ್ತಾರೆ, ‘ಹೌದು’ ಎಂದು ದೊಡ್ಡ ದನಿ ಏಳುತ್ತದೆ. ವಿರುದ್ಧವಾಗಿರುವವರು ‘ಇಲ್ಲ’ ಎನ್ನಿ ಎನ್ನುತ್ತಾರೆ. ಎಂದವರೇ ಮುಂದಿನ ಹಾಳೆ ತಿರುವುತ್ತಾರೆ. ಎಲ್ಲ ಎಷ್ಟು ಬೇಗ ಆಗುತ್ತದೆ ಎಂದರೆ, ‘ಇಲ್ಲ’ ಎನ್ನಬೇಕೆಂದವನು ಬಾಯಿ ತೆರೆಯುವುದರೊಳಗೆ ಕಾಯಿದೆ ಆಗಿ ಹೋಗಿರುತ್ತದೆ.

ಅವತ್ತೂ ಹಾಗೆಯೇ ಆಯಿತು. ಹಣಕಾಸಿನ ಮಂತ್ರಿಗಳು ಮುಂದಿನ ಸಾಲಿನಲ್ಲಿ ಕುಳಿತು ತಿರುಗಿ ಒಮ್ಮೆ ಇವನ ಕಡೆ ನೋಡಿ ನಕ್ಕಿದ್ದರು. ‘ಹೌದು’ ಎಂಬ ದೊಡ್ಡ ದನಿ ಎದ್ದಾಗ ಇವನ ಬಾಯಿ ತೆರೆಯಲಿಲ್ಲ. ಸಭಾಧ್ಯಕ್ಷರು ‘ಇಲ್ಲ’ ಎನ್ನುವವರು ಯಾರೆಂದು ಕೇಳಿದರು, ಹಾಳೆ ತಿರುವಿದರು. ಇವನಿಗೆ ಆ ಕ್ಷಣದಲ್ಲಿ ಸದನ ಕಾಣಲಿಲ್ಲ, ನೀರು ಸುರಿಯುತ್ತಿದ್ದ ಕೊಪ್ಪರಿಗೆ ಕಂಡಿತು. ಎದ್ದು ನಿಂತು ಕೂಗಿಬಿಟ್ಟ:

“ಸಭಾಧ್ಯಕ್ಷರೇ, ಕೊಪ್ಪರಗಿ ಬೋರಲ ಹಾಕಬ್ಯಾಡ್ರಿ!”

ಇಡೀ ಸದನ ಗೊಳ್ಳೆಂದು ನಕ್ಕಿತು. ಎದುರಿನ ಪಕ್ಷದವರು ಮೇಜು ಕುಟ್ಟಿದರು. ಸಭಾಧ್ಯಕ್ಷರು ಕನ್ನಡಕ ತೆಗೆದು, “ಯಾವ ಕೊಪ್ಪರಿಗೆ ಮಾನ್ಯ ಸದಸ್ಯರೇ?” ಎಂದರು.

ನಗೆಯ ನಡುವೆಯೇ ಅವನು ಹೇಳಿದ. ಬಾಗಿಲಿನ ಕೂಗು ಹೇಳಿದ, ಫಕ್ಕೀರವ್ವನನ್ನು ಹೇಳಿದ, ತಾನು ಕೂಗಿ ತಿರುಗಿಬಿಟ್ಟದ್ದನ್ನೂ ಮುಚ್ಚಿಡದೆ ಹೇಳಿದ. ನಗು ತಾನಾಗಿ ಕಡಿಮೆಯಾಯಿತು.

“ಇಲ್ಲ ಅನ್ನವರು ಯಾರು ಅಂತ ನೀವು ಕೇಳಿದ್ರಿ,” ಎಂದ. “ಕೇಳಿದ್ರಿ, ಆದ್ರ ಕಾಯಲಿಲ್ಲ. ಇಲ್ಲ ಅನ್ನವರು ಈ ಮನ್ಯಾಗ ಇಲ್ರಿ. ಅವರು ಅಲ್ಲೆಲ್ಲೋ ಬೇವಿನ ಗಿಡದ ಕೆಳಗ ದಮ್ಮ ಹತ್ತಿ ಕುಂತಾರ. ಅವರ ದನಿ ಇಲ್ಲಿತನಕ ಮುಟ್ಟಂಗಿಲ್ಲ. ಅವರು ಬರೂತನಕ ಕಾಯ್ರಿ.”

ಹಣಕಾಸಿನ ಮಂತ್ರಿಗಳು ಎದ್ದರು. ಸಿಟ್ಟಿತ್ತು, ಆದರೆ ದನಿ ಬೆಣ್ಣೆಯಂತಿತ್ತು. “ಮಾನ್ಯ ಸದಸ್ಯರು ಪ್ರತಿ ವರ್ಷ ದಾಸೋಹ ಮಾಡಿಸ್ತಾರೆ, ನಮಗೆಲ್ಲ ಅಭಿಮಾನ. ಹಸಿದವರಿಗೆ ಹಾಕೋದಕ್ಕೆ ಇಂಥ ದಾನಿಗಳು ಇರುವಾಗ ಎಲ್ಲವನ್ನೂ ಸರ್ಕಾರವೇ ಮಾಡಬೇಕೇ?”

“ಈ ಮಾತು ನಂದ ರೀ,” ಎಂದ ಅವನು. “ನಿಮ್ಮ ಮನ್ಯಾಗ ಕಾಫಿ ಕುಡಕೊಂತ ನಾನ ಆಡಿದ್ದೆ. ಈಗ ಎಲ್ಲಾರ ಮುಂದ ಹಿಂದಕ್ಕ ತಗೊಂತೀನಿ. ನಾನು ವರ್ಷಕ್ಕೊಮ್ಮೆ ಹುಗ್ಗಿ ಮಾಡಸ್ತೀನಿ. ಗುಳಿಗಿ ದಿನಾ ನುಂಗಬೇಕ್ರಿ.”

ಅವನು ಅಲ್ಲಿಗೇ ನಿಲ್ಲಿಸಲಿಲ್ಲ.

“ಸರ್ಕಾರದ ಸೂಜಿ, ಮಠದ ಅನ್ನ, ಇವೆರಡೂ ಕೂಡಿ ಆದ ಮೈ ಇದು. ಸೂಜಿ ಮಾಡಿದ ನರ್ಸಬಾಯಿ ಯಾರೋ ನನಗ ಗೊತ್ತಿಲ್ಲ. ಬಾಗಲಾಗ ಕಾಯ್ದಾಕಿ ಹೋಗ್ಯಾಳ, ನಮ್ಮವ್ವನೂ ಹೋಗ್ಯಾಳ. ಯಾರ ಕಾಲು ಹಿಡೀಲಿ? ಅವರಿಗೆಲ್ಲ ಹೇಳಬೇಕಾಗಿದ್ದ ಉಪಕಾರದ ಮಾತು ಒಂದು ನನ್ನ ಎದ್ಯಾಗ ಉಳದೈತಿ. ಅದನ್ನ ಇವತ್ತ ಇಲ್ಲಿ ಹೇಳ್ತೀನಿ. ಈ ಪ್ರಸ್ತಾವಕ್ಕ ನನ್ನ ಮಾತು ‘ಇಲ್ಲ’. ನನಗ ಕೊಟ್ಟಿದ್ದನ್ನ ಇನ್ನೊಬ್ಬರಿಂದ ಕಸಗೊಳ್ಳಾಕ ನನ್ನ ಕೈಲೆ ಆಗಂಗಿಲ್ರಿ. ಸದಸ್ಯರನ್ನ ಎಬ್ಬಿಸಿ ನಿಲ್ಲಿಸಿ ತಲೆ ಎಣಿಸ್ರಿ, ಎಣಿಸೂಕ್ಕಿಂತ ಮೊದಲ ಒಂದೀಟ ಕಾಯ್ರಿ.”

ಸಭಾಧ್ಯಕ್ಷರು ಅವನನ್ನು ನೋಡಿದರು. ಗಂಟೆ ಬಾರಿಸಲು ಎತ್ತಿದ್ದ ಕೈ ಇಳಿಸಿದರು. “ಸರಿ, ಕಾಯೋಣ,” ಎಂದರು.

ಆ ಕಡೆಯ ಮೂಲೆಯಲ್ಲಿ ಹಿರಿಯ ಸದಸ್ಯರೊಬ್ಬರಿದ್ದರು. ಊಟದ ನಂತರ ಸದನದಲ್ಲಿ ನಿದ್ದೆ ಮಾಡುವುದಕ್ಕೇ ಹೆಸರಾದವರು. ನೋಡಿ, ಮಾತಿನ ಗದ್ದಲಕ್ಕೆ ಏಳದವರು ಮೌನಕ್ಕೆ ಎಚ್ಚರಾದರು! ಕೈಯೂರಿ ಎದ್ದು ನಿಂತರು. “ನನ್ನ ಮೊಮ್ಮಗಳ ಹೆರಿಗೆ ಹಳ್ಳಿ ಆರೋಗ್ಯ ಕೇಂದ್ರದಲ್ಲೇ ಆಗಿದ್ದು. ದೊಡ್ಡ ಆಸ್ಪತ್ರೆಗೆ ಹೋಗೋವಷ್ಟು ಸಮಯ ಇರಲಿಲ್ಲ. ನನ್ನದೂ ಇಲ್ಲ ಅಂತ ಬರ್ಕೊಳ್ಳಿ,” ಎಂದರು. ಅವರ ಹಿಂದೆ ಒಬ್ಬ ಮಹಿಳೆ ಎದ್ದರು. ಈ ಪಕ್ಷದವರು ಕೆಲವರು, ಆ ಪಕ್ಷದವರು ಹಲವರು. ಒಬ್ಬೊಬ್ಬರಾಗಿ ಎದ್ದರು, ದಣಿದವರು ನಡೆದು ಬಂದ ಹಾಗೆ ನಿಧಾನವಾಗಿ ಎದ್ದರು.

ಗೆದ್ದನೇ ಎಂದು ಕೇಳುತ್ತೀರಿ. ಪೂರ್ತಿ ಗೆಲ್ಲಲಿಲ್ಲ. ಎದ್ದವರ ಸಂಖ್ಯೆ ನೋಡಿ ಸರ್ಕಾರ ಪ್ರಸ್ತಾವವನ್ನು ತಿದ್ದಿ ತಂದಿತು. ರೇಷನ್ನಿನಲ್ಲಿ ಒಂದಿಷ್ಟು ಕಡಿತ ಆಗಿಯೇ ಆಯಿತು. ಆದರೆ ಆರೋಗ್ಯ ಕೇಂದ್ರಗಳ ಬಾಗಿಲು ಮುಚ್ಚಲಿಲ್ಲ, ಕಿಟ್ ಉಳಿಯಿತು. ಮಂತ್ರಿ ಸ್ಥಾನ? ಅದು ದೊಡ್ಡ ದನಿಯಲ್ಲಿ ‘ಹೌದು’ ಎಂದ ಇನ್ನೊಬ್ಬರಿಗೆ ಹೋಯಿತು. ಪ್ರಮಾಣವಚನದ ದಿನ ಉಡಲೆಂದು ಹೆಂಡತಿ ಆಗಲೇ ಇಳಕಲ್ ಸೀರೆ ತಂದಿಟ್ಟಿದ್ದಳು. ಅವನು ತಲೆ ತಗ್ಗಿಸಿಕೊಂಡು ಮನೆಗೆ ಬಂದಾಗ ಅವಳು ಸೀರೆಯನ್ನು ಮಡಚಿ ಪೆಟ್ಟಿಗೆಗೆ ಇಡುತ್ತಿದ್ದಳು.

“ಸಿಟ್ಟ ಬಂತೇನ?” ಎಂದ.

“ಸಿಟ್ಯಾಕ?” ಎಂದಳು. “ಅತ್ತಿಯವರ ದಾಸೋಹಕ್ಕ ಉಟ್ಕೊಂತೀನಿ. ಅವರಿದ್ದಿದ್ರ ಮಂತ್ರಿಯ ತಾಯಿ ಅನ್ನಿಸಿಕೊಳ್ಳೂಕ್ಕಿಂತ ಇದಕ್ಕ ಹೆಚ್ಚು ಖುಷಿ ಪಡ್ತಿದ್ರು.”

ಮುಂದಿನ ವರ್ಷ ಪುಣ್ಯತಿಥಿ ಬಂತು. ಫೋಟೋದವನು ಬಂದಿರಲಿಲ್ಲ. ಅಲ್ಲ, ಬಂದಿದ್ದ, ಊಟಕ್ಕೆ ಬಂದಿದ್ದ. ಅಡುಗೆಯ ಮುದುಕಿಯ ಕಾಲು ಗುಣವಾಗಿತ್ತು, ಆದರೂ ಕೊನೆಯ ಪಂಕ್ತಿ ಎದ್ದ ಮೇಲೆ ಅವನೇ ಸೌಟು ಕೇಳಿ ಇಸಿದುಕೊಂಡ. ಬಾಗಿಲಿಗೆ ಬಂದು, ಮೈಕಿನ ಮುಂದೆ ಮಾತನಾಡುವ ಪೂರ್ತಿ ದನಿಯಲ್ಲಿ ಕೂಗಿದ: “ಉಣ್ಣವರು ಯಾರರ ಉಳದೀರೇನ್ರೀ?” ಕೂಗಿ ನಿಂತ. ಬಿಸಿಲಿತ್ತು. ಬೀದಿ ಖಾಲಿ ಇತ್ತು. ನಿಂತೇ ಇದ್ದ. ಒಳಗಿನವರು ಬಗ್ಗಿ ನೋಡಿದರು, ಕೊಪ್ಪರಿಗೆಯನ್ನು ಹಾಗೇ ಬಿಟ್ಟರು.

ಆಗ ಬೇವಿನ ಮರದ ಆಚೆಯಿಂದ ಒಂದು ದನಿ ಬಂತು. ಇಡೀ ಬೀದಿಗೆ ಕೇಳುವಂಥ ದನಿ.

“ಬಂದ್ನ್ರೀ! ಬೋರಲ ಹಾಕಬ್ಯಾಡ್ರೀ!”

ಫಕ್ಕೀರವ್ವ. ತಲೆಯ ಮೇಲೆ ಗಂಟು, ಬಾಯಿಗೆ ಸೆರಗಿಲ್ಲ, ಕಟ್ಟೆಯ ಮೇಲೆ ಕುಳಿತುಕೊಳ್ಳಲಿಲ್ಲ, ದಾಪುಗಾಲು ಹಾಕಿಕೊಂಡು ಬಂದಳು. ಗುಳಿಗೆ ಮುಗಿದಿದ್ದವು, ರೋಗ ಹೋಗಿದೆ ಎಂದು ದವಾಖಾನೆಯವರು ಹೇಳಿದ್ದರು. ಗಂಟು ಬಿಚ್ಚಿ ಒಂದು ದೊಡ್ಡ ಕೌದಿ ಹಾಸಿದಳು. “ದಮ್ಮ ಹತ್ತಿ ಬಂದವರು ಕುಂದ್ರಾಕ ಬಾಗಲಾಗ ಹಾಸ್ರಿ,” ಎಂದಳು. ಆ ದನಿಯನ್ನು ಕೇಳಿದನಲ್ಲ, ಅದಕ್ಕಿಂತ ದೊಡ್ಡ ಕುರ್ಚಿ ಅವನಿಗೆ ಯಾರೂ ಕೊಡುವಂತಿರಲಿಲ್ಲ. ಸೌಟು ಹಿಡಿದ ಕೈಯಲ್ಲೇ ಅವಳಿಗೆ ಕೈ ಮುಗಿದ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ತಿರುಗುತ್ತೇನೆ, ತಪ್ಪಿಸಿಕೊಳ್ಳಬೇಡಿ.

ನಿಮ್ಮಲ್ಲಿ ಸರ್ಕಾರಿ ದವಾಖಾನೆಯ ಲಸಿಕೆ ಹಾಕಿಸಿಕೊಳ್ಳದೆ ಬೆಳೆದವರು ಯಾರು? ರೇಷನ್ ಅಕ್ಕಿಯ ಗಂಜಿ ಕುಡಿಯದ ಮನೆತನ ಯಾವುದು? ಇವತ್ತು ನಿಮ್ಮ ಮನೆಯಲ್ಲಿ ಇಲ್ಲದಿರಬಹುದು, ನಿಮ್ಮ ಅಜ್ಜಿಯ ಮನೆಯಲ್ಲಿ ಇತ್ತು. ಈಗ ನೀವು ಗಟ್ಟಿಯಾಗಿದ್ದೀರಿ, ಸಂತೋಷ. ಗಟ್ಟಿಯಾದ ಮೇಲೆ ಆ ಸಾಲಿನಲ್ಲಿ ನಿಂತವರನ್ನು ನೋಡಿ ‘ಬಿಟ್ಟಿ ತಿನ್ನುವವರು’ ಎನ್ನುತ್ತೀರಲ್ಲ, ಆ ಮಾತು ಇವತ್ತಿಗೆ ಸಾಕು. ನಾಳೆ ಬಾಯಿಗೆ ಬಂದರೆ ನುಂಗಿಬಿಡಿ. ನುಂಗಿದರೆ ನಿಮಗೇನೂ ವಾಂತಿಯಾಗುವುದಿಲ್ಲ.

ನಿಮ್ಮ ಓಣಿಯ ಆರೋಗ್ಯ ಕೇಂದ್ರದ ಮುಂದೆ ದಿನಾ ಹಾದು ಹೋಗುತ್ತೀರಿ. ಒಂದು ದಿನ ಒಳಗೆ ಹೋಗಿ. ನಿಮಗೆ ರೋಗವಿಲ್ಲದಿದ್ದರೂ ಹೋಗಿ. ನರ್ಸಬಾಯಿಗೆ ಕೈ ಮುಗಿದು, ‘ಗುಳಿಗಿ ಬಂದಾವೇನವ್ವಾ, ಕಿಟ್ ಬಂದೈತೇನು’ ಎಂದು ಕೇಳಿ. ಬಂದಿಲ್ಲ ಎಂದರೆ ಮೇಲಿನವರನ್ನು ಕೇಳಿ. ನಿಮ್ಮ ಹತ್ತಿರ ಮತ ಕೇಳಲು ಬರುವವನಿಗೆ ರಸ್ತೆ ಕೇಳುತ್ತೀರಿ, ಸಮುದಾಯ ಭವನ ಕೇಳುತ್ತೀರಿ. ಇದನ್ನೂ ಕೇಳಿ. ಕೇಳಿದ ಮೇಲೆ ಉತ್ತರ ಬರುವ ತನಕ ಅವನ ಮುಂದೆ ನಿಂತಿರಿ. ಅವನಿಗೆ ‘ಇಲ್ಲ’ ಎನ್ನುವ ಧೈರ್ಯ ಬರುವುದು ನೀವು ಹಿಂದೆ ನಿಂತಾಗ. ಆಮೇಲೆ ಅವನು ‘ಇಲ್ಲ’ ಎಂದು ಕುರ್ಚಿ ಕಳೆದುಕೊಂಡು ಬಂದರೆ, ಅವನನ್ನು ಆಡಿಕೊಂಡು ನಗಬೇಡಿ. ಅವನ ಮನೆಗೆ ಹೋಗಿ, ಒಂದು ಲೋಟ ನೀರು ಕುಡಿದು, ನಿನ್ನಿಂದ ಉಪಕಾರವಾಯಿತು ಎಂದು ಹೇಳಿ ಬನ್ನಿ. ಅದನ್ನು ಹೇಳಲು ನಮಗೆ ಏಕೆ ಇಷ್ಟು ನಾಚಿಕೆಯೋ ನನಗೆ ತಿಳಿಯದು.

ನಮಗಾಗಿ ಯಾರೋ ಕಾಯ್ದಿದ್ದಾರೆ. ಅದಕ್ಕೇ ನಾವು ಇಲ್ಲಿ ಕುಳಿತಿದ್ದೇವೆ. ಅವರ ಮುಖ ನಮಗೆ ಗೊತ್ತಿಲ್ಲ, ಅವರಿಗೆ ಹಿಂದಿರುಗಿಸುವ ದಾರಿಯೂ ಇಲ್ಲ. ಇರುವುದು ಒಂದೇ ದಾರಿ, ನಮ್ಮ ಹಿಂದೆ ಬರುವವರಿಗಾಗಿ ನಾವು ಕಾಯುವುದು.

ಪ್ರಸಾದದ ವಾಸನೆ ಬರುತ್ತಿದೆ, ನಿಮ್ಮ ಮನಸ್ಸು ಆಗಲೇ ಎಲೆಯ ಮುಂದೆ ಕುಳಿತಿದೆ, ನನಗೆ ಕಾಣುತ್ತಿದೆ. ಹೋಗಿ, ತೃಪ್ತಿಯಾಗಿ ಉಣ್ಣಿ. ಆದರೆ ಎಲ್ಲರೂ ಉಂಡ ಮೇಲೆ, ಹಿಂದಿನ ಸಾಲಿನ ಅಪ್ಪಾ, ಹೌದು, ಪಕ್ಷ ಯಾವುದೆಂದು ಕೇಳಲು ಹೊರಟಿದ್ದೆಯಲ್ಲ, ನೀನೇ. ಒಳಗೆ ಹೋಗಿ ಸೌಟು ಇಸಿದುಕೋ. ಆ ಬಾಗಿಲಿಗೆ ಬಾ. ಬೀದಿಯ ತುದಿಯ ತನಕ ಕೇಳುವ ಹಾಗೆ ಕೂಗು. ಕೂಗಿದ ಮೇಲೆ ಕಾಯಿ. ನಾನೂ ಬಂದು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ.